ಕಾಲು ಸೆಕೆಂಡಿನ ಬೀಗ

ಹರಿಯಬ್ಬೆಯ ಓಬಣ್ಣನ ಮಗಳು ನಾಗಶ್ರೀ ಏನು ಕೆಲಸ ಮಾಡುತ್ತಾಳೆಂದು ಊರಲ್ಲಿ ಯಾರನ್ನಾದರೂ ಕೇಳಿ ನೋಡಿ. “ದುರ್ಗದ ಕುರಿ ಆಫೀಸ್ನಾಗೆ ಕಂಪ್ಯೂಟರ್ ನೋಡ್ಕಂತಾಳೆ” ಎನ್ನುತ್ತಾರೆ. ಎಮ್ಮೆ ನೋಡಿಕೊಳ್ಳುವ ಹಾಗೆ ಕಂಪ್ಯೂಟರನ್ನೂ ನೋಡಿಕೊಳ್ಳಬೇಕಾಗುತ್ತದೆ ಎಂಬ ಅವರ ಕಲ್ಪನೆ ಅಷ್ಟೇನೂ ತಪ್ಪಲ್ಲ. ಹೊತ್ತಿಗೆ ಸರಿಯಾಗಿ ವಿಚಾರಿಸದಿದ್ದರೆ ಅದೂ ಒದೆಯುತ್ತದೆ.

ಕುರಿ ಆಫೀಸು ಎಂದರೆ ಮಂದೆ ಸಂಘ. ಅದಕ್ಕೊಂದು ಉದ್ದನೆಯ ನೋಂದಾಯಿತ ಹೆಸರಿದೆ, ಬೋರ್ಡಿನ ಮೇಲೆ ಬಿಟ್ಟರೆ ಬೇರೆಲ್ಲೂ ಯಾರೂ ಬಳಸುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಹೊಲ ಖಾಲಿ ಬಿದ್ದಾಗ ಕುರಿಮಂದೆ ಕರೆಸಿ ನಿಲ್ಲಿಸುತ್ತಾರೆ. ಮುನ್ನೂರು ಕುರಿ ಮೂರು ದಿನ ಒಂದೇ ಹೊಲದಲ್ಲಿ ತಂಗಿದರೆ ಆ ವರ್ಷದ ಈರುಳ್ಳಿಗೆ ಬೇರೆ ಗೊಬ್ಬರ ಹುಡುಕಬೇಕಾಗಿಲ್ಲ. ಹಿಂದೆಲ್ಲ ಇದು ಬಾಯಿಮಾತಿನ ವ್ಯವಹಾರ. ಒಂದೇ ಮಂದೆಯನ್ನು ಹೊಸದುರ್ಗದ ತೆಂಗಿನ ತೋಟದವನೂ ಹೊಳಲ್ಕೆರೆಯ ಹೊಲದವನೂ ಕರೆದು, ದಾರಿಯಲ್ಲೇ ಜಗಳವಾಗಿ, ಕುರಿಗಳು ಯಾರ ಹೊಲದಲ್ಲೂ ನಿಲ್ಲದೆ ರಸ್ತೆಗೇ ಗೊಬ್ಬರ ಕೊಟ್ಟ ಉದಾಹರಣೆಗಳಿವೆ. ಸಂಘ ಬಂದ ಮೇಲೆ ಎಲ್ಲವೂ ವೆಬ್‌ಸೈಟಿನಲ್ಲಿ. ಪ್ರತಿ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಮುಂದಿನ ವಾರ ಯಾವ ಮಂದೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬ ಪಟ್ಟಿ ತೆರೆಯುತ್ತದೆ. ರೈತರು ತಮ್ಮ ಫೋನಿನಿಂದ ಒಳಗೆ ಬಂದು ಮಂದೆ ಹಿಡಿಯುತ್ತಾರೆ, ಕುರಿಗಾಹಿಗಳು ಒಪ್ಪಿಗೆ ಕೊಡುತ್ತಾರೆ. ಮಧ್ಯಾಹ್ನ ಎರಡಕ್ಕೆ ಪಟ್ಟಿ ಮುಚ್ಚುತ್ತದೆ.

ಈ ವೆಬ್‌ಸೈಟನ್ನು ಕಟ್ಟಿದವಳೂ ಅದನ್ನು ಹೊತ್ತ ಸರ್ವರನ್ನು ಕಾಯುವವಳೂ ನಾಗಶ್ರೀಯೇ. ವಯಸ್ಸು ಮೂವತ್ತೆರಡು. ದುರ್ಗದಲ್ಲೇ ಡಿಪ್ಲೊಮಾ ಮಾಡಿದವಳು. ಗಂಡ ಗಿರೀಶ್ ಭರಮಸಾಗರದಲ್ಲಿ ಮೇಷ್ಟ್ರು. ಅವಳು ಕಡಿಮೆ ಮಾತಿನವಳು, ಆದರೆ ಒಂದು ವಿಷಯ ಬಂದರೆ ಹಠಮಾರಿ. ಆ ವಿಷಯ ಜನರ ಪಾಸ್‌ವರ್ಡು.

ಒಮ್ಮೆ ಅಪ್ಪ ಓಬಣ್ಣ ಕೇಳಿದ್ದ, “ನನ್ ಪಾಸ್‌ವರ್ಡು ನಿನ್ ಡಬ್ಬಿಯೊಳಗೆ ಐತಲ್ಲ, ನೀನು ನೋಡ್ಬೋದಾ?”

“ಇಲ್ಲಪ್ಪ. ನಾನೂ ನೋಡಕ್ಕಾಗಲ್ಲ. ನೀನು ಕೊಟ್ಟಿದ್ದನ್ನ ಅದು ಬೀಸಿ ಹಿಟ್ಟು ಮಾಡಿ ಇಟ್ಕಂತೈತೆ. ಮತ್ತೆ ನೀನು ಬಂದಾಗ, ನೀನು ಕೊಟ್ಟಿದ್ದನ್ನ ಮತ್ತೆ ಬೀಸಿ, ಎರಡೂ ಹಿಟ್ಟು ಒಂದೇನಾ ಅಂತ ನೋಡ್ತೈತೆ.”

“ಹಿಟ್ಟು ಮತ್ತೆ ಕಾಳಾಗಲ್ಲ ಬಿಡು,” ಎಂದು ಓಬಣ್ಣ ಅಲ್ಲಿಗೇ ಮುಗಿಸಿದ. ಇಷ್ಟು ಬೇಗ ಇದನ್ನು ಅರ್ಥಮಾಡಿಕೊಂಡವರನ್ನು ನಾಗಶ್ರೀ ಕಾಲೇಜಿನಲ್ಲೂ ಕಂಡಿರಲಿಲ್ಲ.

ಈ ಬೀಸುವ ಕೆಲಸಕ್ಕೆ ಕಂಪ್ಯೂಟರಿನವರು ಹ್ಯಾಶ್ ಮಾಡುವುದು ಎನ್ನುತ್ತಾರೆ. ಎಷ್ಟು ಸುತ್ತು ಬೀಸಬೇಕು ಎಂಬುದಕ್ಕೆ ಒಂದು ಸಂಖ್ಯೆ ಇರುತ್ತದೆ. ನಾಗಶ್ರೀ ಇಟ್ಟಿದ್ದು ಹನ್ನೆರಡು. ಹನ್ನೆರಡು ಎಂದರೆ ನಾಲ್ಕು ಸಾವಿರದ ತೊಂಬತ್ತಾರು ಸುತ್ತು. ಸಂಖ್ಯೆ ಒಂದು ಏರಿದರೆ ಸುತ್ತು ಇಮ್ಮಡಿ, ಒಂದು ಇಳಿದರೆ ಅರ್ಧ. ಹನ್ನೆರಡರಲ್ಲಿ ಒಬ್ಬರ ಪಾಸ್‌ವರ್ಡು ಬೀಸಲು ಸಂಘದ ಸರ್ವರಿಗೆ ಕಾಲು ಸೆಕೆಂಡು ಹಿಡಿಯುತ್ತದೆ. ಕಾಲು ಸೆಕೆಂಡೆಂದರೆ ಮನುಷ್ಯನಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು, ಯಂತ್ರಕ್ಕೆ ಮಾತ್ರ ಬೆನ್ನು ಮುರಿಯುವ ಕೆಲಸ. ಬೇಕೆಂದೇ ನಿಧಾನ ಮಾಡಿದ್ದು ಅದು. ಯಾರಾದರೂ ಆ ಹಿಟ್ಟಿನ ಕಡತವನ್ನೇ ಕದ್ದೊಯ್ದರೆ, ಕಾಳು ಯಾವುದಿರಬಹುದೆಂದು ಊಹಿಸಿ ಊಹಿಸಿ ಬೀಸಿ ನೋಡಬೇಕು. ಪ್ರತಿ ಊಹೆಗೂ ಅವನ ಬೆನ್ನೂ ಮುರಿಯಲಿ ಎಂಬುದು ಲೆಕ್ಕ.

ಹಠಕ್ಕೆ ಕಾರಣವಿತ್ತು. ಡಿಪ್ಲೊಮಾದ ಕೊನೆಯ ವರ್ಷದಲ್ಲಿ ನಾಗಶ್ರೀ ದುರ್ಗದ ಒಂದು ಟ್ಯುಟೋರಿಯಲ್‌ನ ವೆಬ್‌ಸೈಟ್ ಮಾಡಿದ್ದಳು. ಆಗ ಇಪ್ಪತ್ತರ ವಯಸ್ಸು, ವೇಗದ ಹುಚ್ಚು. ಒತ್ತಿದ ತಕ್ಷಣ ಪುಟ ತೆರೆಯಬೇಕೆಂದು ಪಾಸ್‌ವರ್ಡುಗಳನ್ನು ಒಂದೇ ಸುತ್ತು ಬೀಸಿ ಬಿಟ್ಟಿದ್ದಳು. ಎಲ್ಲರೂ ಹೊಗಳಿದರು. ಅಷ್ಟು ಸಾಲದು ಎಂದು ಆಮೇಲೆ ಅವಳಿಗೇ ತಿಳಿಯಿತು, ಪರೀಕ್ಷೆ ಮುಗಿಯಲಿ, ಮುಂದಿನ ವಾರ ಸರಿ ಮಾಡಿದರಾಯಿತು ಎಂದುಕೊಂಡಳು. ಆ ವಾರದಲ್ಲೇ ಕಡತ ಯಾರದೋ ಪಾಲಾಯಿತು. ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚದ ರಮ್ಯಾ ಅದೇ ಟ್ಯುಟೋರಿಯಲ್‌ಗೆ ಹೋಗುತ್ತಿದ್ದಳು. ಎಲ್ಲರ ಹಾಗೆ ಅವಳೂ ಎಲ್ಲದಕ್ಕೂ ಒಂದೇ ಪಾಸ್‌ವರ್ಡು ಇಟ್ಟಿದ್ದಳು. ಯಾರೋ ಅವಳ ಮೇಲ್ ತೆರೆದು, ಅವಳು ಒಬ್ಬ ಹುಡುಗನಿಗೆ ಬರೆದ ಪತ್ರಗಳನ್ನೆಲ್ಲ ಅವಳ ಅಣ್ಣನಿಗೆ ಕಳಿಸಿದರು. ಮೂರನೇ ದಿನ ಮನೆಯವರು ಬಂದು ಪೆಟ್ಟಿಗೆ ಕಟ್ಟಿಸಿ ಕರೆದುಕೊಂಡು ಹೋದರು. ಓದು ಅಲ್ಲಿಗೆ ನಿಂತಿತು. ನಾಗಶ್ರೀ ಎಷ್ಟೋ ಸಲ ಫೋನ್ ಮಾಡಿದಳು, ರಮ್ಯಾ ಎತ್ತಲಿಲ್ಲ. ಕದ್ದವನು ಯಾರೋ ಗೊತ್ತಿಲ್ಲ, ಆದರೆ ಬಾಗಿಲಿಗೆ ತಡಿಕೆ ಕಟ್ಟಿ ಬೀಗವೆಂದು ಹೇಳಿದವಳು ತಾನು ಎಂಬುದು ಅವಳಿಗೆ ಗೊತ್ತಿತ್ತು. ಆ ನಾಚಿಕೆ ಇನ್ನೂ ಹೋಗಿಲ್ಲ.

ಸಂಘದ ಸರ್ವರು ಆರು ವರ್ಷ ತಕರಾರಿಲ್ಲದೆ ನಡೆಯಿತು. ಈ ವರ್ಷ ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಹೊಸ ಸದಸ್ಯರು ರಾಶಿ ಬಂದರು. ಯುಗಾದಿ ಕಳೆದು ಹೊಲಗಳು ಖಾಲಿಯಾದವು, ಮಂದೆಗೆ ಬೇಡಿಕೆ ಏರಿತು. ಏಪ್ರಿಲ್ ಮೊದಲ ಶುಕ್ರವಾರ ಸರ್ವರು ಬಿತ್ತು. ಎರಡನೇ ಶುಕ್ರವಾರವೂ ಬಿತ್ತು. ಮೂರನೇ ಶುಕ್ರವಾರ ಬಿದ್ದಾಗ ಹಿರಿಯೂರಿನ ಒಂದೇ ಹಳ್ಳಿಯಲ್ಲಿ ನಾಲ್ಕು ಮಂದೆ ನಿಂತವು, ಭರಮಸಾಗರದ ಕಡೆ ಒಂದೂ ಹೋಗಲಿಲ್ಲ.

ಸಮಿತಿಯಲ್ಲಿ ಎಲ್ಲರಿಗಿಂತ ಜೋರಾಗಿ ಬೈದವರು ಗೊಲ್ಲಪ್ಪ. ಹೊಸದುರ್ಗದ ಕಡೆಯ ಕುರಿಗಾಹಿ, ಅರವತ್ತರ ಹತ್ತಿರ, ಹೆಗಲ ಮೇಲೆ ಕಂಬಳಿ, ಜೇಬಿನಲ್ಲಿ ದೊಡ್ಡ ಫೋನು. “ಮುನ್ನೂರು ಕುರಿ ರೋಡ್ನಾಗೆ ನಿಲ್ಸ್ಕಂಡು ನಾನು ಈ ಡಬ್ಬಿ ಒತ್ಕಂತ ಕುಂತ್ಕಬೇಕೇನ್ರಿ? ಮುಂದಿನ ಶುಕ್ರವಾರನೂ ಹಿಂಗೇ ಆದ್ರೆ ಹೊರಗಿನ ಕಂಪ್ನಿಗೆ ಕೊಟ್ಟುಬಿಡ್ರಿ. ಆ ಹೆಣ್ಮಗಳು ಬೇರೆ ಕೆಲಸ ನೋಡ್ಕಳ್ಲಿ.” ಉಳಿದ ಆರು ಜನ ಕೈ ಎತ್ತಿದರು. ಹೀಗೆ ನಾಗಶ್ರೀಗೆ ಒಂದು ವಾರದ ಗಡುವು ಬಿತ್ತು.

ಯಂತ್ರ ಎಲ್ಲಿ ಸೋಲುತ್ತಿದೆ ಎಂಬುದನ್ನು ಅವಳು ಮೊದಲ ವಾರವೇ ಕಂಡುಕೊಂಡಿದ್ದಳು. ಪಟ್ಟಿ ತೋರಿಸುವುದರಲ್ಲಿ ಅಲ್ಲ, ಮಂದೆ ಬರೆದುಕೊಳ್ಳುವುದರಲ್ಲೂ ಅಲ್ಲ, ಬಾಗಿಲಲ್ಲಿ. ಒಂದೇ ಹೊತ್ತಿಗೆ ನಾಲ್ಕು ಕೆಲಸ ಮಾಡಬಲ್ಲ ಸರ್ವರಿನ ನಾಲ್ಕೂ ಕೈಗಳು ಪಾಸ್‌ವರ್ಡು ಬೀಸುತ್ತ ಕೂತು, ಬೇರೆ ಯಾವುದಕ್ಕೂ ಬಿಡುವಿಲ್ಲದೆ ಉಸಿರುಗಟ್ಟುತ್ತಿದ್ದವು. ಒಳಗೆ ಬಂದವರು ಹಾಗೇ ಇದ್ದುಬಿಟ್ಟಿದ್ದರೆ ವಾರವಾರ ಬೀಸುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಮೊದಲ ತರಬೇತಿಯಲ್ಲಿ ನಾಗಶ್ರೀಯೇ ಪಾಠ ಹೇಳಿದ್ದಳು. ಕುರಿ ಕೂಡಿದ ರೊಪ್ಪದಿಂದ ಬರುವಾಗ ಅದರ ಬಾಯಿಗೆ ಮುಳ್ಳು ಎಳೆದು ಬರುತ್ತೀರಲ್ಲ, ಹಾಗೆ ಕೆಲಸ ಮುಗಿದ ಮೇಲೆ ಲಾಗೌಟ್ ಮಾಡಿ ಬನ್ನಿ ಎಂದು. ಕುರಿ ಸಾಕಿದವರಿಗೆ ಈ ಮಾತನ್ನು ಎರಡನೇ ಸಲ ಹೇಳಬೇಕಾಗಿಲ್ಲ. ತರಬೇತಿಯಲ್ಲಿ ಹೇಳಿದ್ದನ್ನು ಜನ ಪಾಲಿಸಿದ ಉದಾಹರಣೆ ಜಗತ್ತಿನಲ್ಲಿ ಕಡಿಮೆ. ಇಲ್ಲಿ ಪಾಲಿಸಿದ್ದೇ ತಲೆನೋವಾಯಿತು.

ಸಂಘದ ಕಾರ್ಯದರ್ಶಿ ರವೀಂದ್ರ ಅವಳ ಮೇಜಿನ ಹತ್ತಿರ ಬಂದು ಕೂತರು. ಮೃದು ಸ್ವಭಾವದ ಮನುಷ್ಯ, ಯಾರಿಗೂ ಬೇಜಾರಾಗಬಾರದು ಎಂದು ಎರಡೂ ಕಡೆಯವರಿಗೆ ಹೌದೆನ್ನುವವರು.

“ನಮ್ಮ ಮಂಜುನಾಥ್‌ನ ಕೇಳಿದೆ ಕಣಮ್ಮ. ಕಂಪ್ಯೂಟರ್ ಅಂಗಡಿ ಇಟ್ಟವ್ನಲ್ಲ, ಅವನು. ಆ ಹನ್ನೆರಡನ್ನ ನಾಲ್ಕು ಮಾಡಿದ್ರೆ ಗಾಳಿ ಹೋದಂಗೆ ಹೋಗ್ತದೆ ಅಂದ.”

“ಹೋಗ್ತದೆ ಸರ್. ನಾಲ್ಕು ಅಂದ್ರೆ ಹದಿನಾರೇ ಸುತ್ತು. ಕಳ್ಳನಿಗೂ ಗಾಳಿ ಹೋದಂಗೇ ಹೋಗ್ತದೆ.”

“ನಮ್ ಕುರಿ ಪಟ್ಟಿ ಕದ್ದು ಯಾರು ಏನ್ ಮಾಡ್ತಾರಮ್ಮ?”

“ಕುರಿ ಪಟ್ಟಿ ಯಾರಿಗೂ ಬೇಡ ಸರ್. ಇಲ್ಲಿಗೆ ಇಟ್ಟಿರೋ ಪಾಸ್‌ವರ್ಡೇ ಬ್ಯಾಂಕಿಗೂ ಇಟ್ಟಿರ್ತಾರೆ. ಮಗಳ ಕಾಲೇಜಿಗೂ ಅದೇ, ಆಸ್ಪತ್ರೆ ರಿಪೋರ್ಟಿಗೂ ಅದೇ.”

“ಮತ್ತೆ ಇನ್ನೆರಡು ಯಂತ್ರ?”

“ಅದಕ್ಕೆ ಸಮಿತಿ ಮಂಜೂರಾತಿ ಬೇಕು. ನೀವೇ ಹೇಳಿದ್ರಲ್ಲ, ದೀಪಾವಳಿ ಆಗ್ತದೆ ಅಂತ.”

ರವೀಂದ್ರ ನಿಟ್ಟುಸಿರಿಟ್ಟು ಎದ್ದು ಹೋದರು. ಅವಳ ಕೆಲಸ ಹೋಗುವುದು ಅವರಿಗೆ ನಿಜವಾಗಿಯೂ ಇಷ್ಟವಿರಲಿಲ್ಲ.

ಒಂದು ಒಗಟು ಮಾತ್ರ ನಾಗಶ್ರೀಗೆ ಬಿಡಿಸಲಾಗಿರಲಿಲ್ಲ. ಪಟ್ಟಿ ತೆರೆಯುವುದು ಹನ್ನೊಂದಕ್ಕೆ. ಹನ್ನೊಂದರಿಂದ ಹನ್ನೆರಡರವರೆಗೆ ಸರ್ವರು ನೊಣ ಹೊಡೆಯುತ್ತ ಕೂತಿರುತ್ತದೆ. ಬೀಳುವುದು ಸರಿಯಾಗಿ ಹನ್ನೆರಡು ಗಂಟೆಗೆ, ಮೂರು ವಾರವೂ ಅದೇ ಸೆಕೆಂಡಿಗೆ. ಹನ್ನೆರಡಕ್ಕೆ ತಾನಾಗಿ ಶುರುವಾಗುವ ಯಾವುದೋ ಕೆಲಸ ಒಳಗಿರಬೇಕೆಂದು ಅವಳು ಎರಡು ವಾರ ಸರ್ವರಿನ ಮೂಲೆಮೂಲೆ ಹುಡುಕಿದಳು. ದಾಖಲೆಗಳನ್ನು ಸಾಲುಸಾಲಾಗಿ ಓದಿದಳು. ಏನೂ ಸಿಗಲಿಲ್ಲ.

ಭಾನುವಾರ ಹರಿಯಬ್ಬೆಗೆ ಹೋದಳು. ಅವ್ವ ಏಕನಾಥಮ್ಮ ತಟ್ಟೆಗೆ ಮುದ್ದೆ ಹಾಕಿ ಮಗಳ ಮುಖ ನೋಡಿದಳು.

“ಯಾಕವ್ವ ಸೊರಗಿದೀಯ?”

ನಾಗಶ್ರೀ ಹನ್ನೆರಡರ ಕತೆ ಹೇಳಿದಳು. ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಓಬಣ್ಣ ಹಗ್ಗ ಬಿಡದೆಯೇ ಕೇಳಿದ, “ಶುಕ್ರವಾರ ಹನ್ನೊಂದಕ್ಕೆ ಯಾರವ್ವ ಮಂದೆ ಮಾತಾಡ್ತಾರೆ? ಹತ್ತೂವರೆಯಿಂದ ಹನ್ನೆರಡ್ರ ತಂಕ ರಾಹುಕಾಲ. ನಾನೂ ಹನ್ನೆರಡಾಗ್ಲಿ ಅಂತ ಫೋನ್ ಹಿಡ್ಕಂಡು ಕುಂತಿರ್ತೀನಿ.”

ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ಅದೇ ಮನೆಯಲ್ಲಿ ಹುಟ್ಟಿ, ರಾಹುಕಾಲ ಕಳೆಯದೆ ಮಂದೆ ಎಬ್ಬಿಸದ ಅಪ್ಪನನ್ನು ನೋಡುತ್ತ ಬೆಳೆದವಳು ಎರಡು ವಾರ ತಪ್ಪನ್ನು ಯಂತ್ರದಲ್ಲಿ ಹುಡುಕಿದ್ದಳು. ಅವಳಿಗೆ ತನ್ನ ಮೇಲೆಯೇ ಸಿಟ್ಟೂ ನಗುವೂ ಒಟ್ಟಿಗೆ ಬಂದವು. ಹಿಂದೆ ಒಂದೊಂದು ಮನೆಯ ಗಡಿಯಾರ ಒಂದೊಂದು ಹೊತ್ತು ತೋರಿಸುತ್ತಿತ್ತು, ರಾಹುಕಾಲವೂ ಊರಿನಲ್ಲಿ ಹಿಂದೆಮುಂದೆಯಾಗಿ ಮುಗಿಯುತ್ತಿತ್ತು. ಈಗ ಎಲ್ಲರ ಕೈಯಲ್ಲೂ ಫೋನು, ಎಲ್ಲ ಫೋನಿನಲ್ಲೂ ಒಂದೇ ಸೆಕೆಂಡು. ಎರಡು ಸಾವಿರದ ನಾನೂರು ಜನ ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ರಾಹುಕಾಲ ಮುಗಿಯುವುದನ್ನೇ ಕಾಯುತ್ತಿದ್ದರು.

ಹೊತ್ತು ಬದಲಿಸಿದರೆ ಗುಂಪೂ ಹೊತ್ತು ಬದಲಿಸುತ್ತದೆ, ಅಷ್ಟೆ. ನಾಗಶ್ರೀ ಅದರ ಗೊಡವೆಗೆ ಹೋಗಲಿಲ್ಲ. ಲೆಕ್ಕ ಹಾಕಿದಳು. ಕಾಲು ಸೆಕೆಂಡಿಗೊಬ್ಬರಂತೆ ನಾಲ್ಕು ಕೈಗಳಿಂದ ಸೆಕೆಂಡಿಗೆ ಹದಿನಾರು ಜನ. ಎರಡು ಸಾವಿರದ ನಾನೂರು ಜನ ಒಂದೊಂದು ಸಲ ಒತ್ತಿದರೆ ಎರಡೂವರೆ ನಿಮಿಷ. ಎರಡೂವರೆ ನಿಮಿಷಕ್ಕೆ ಯಾವ ಸರ್ವರೂ ಸಾಯುವುದಿಲ್ಲ. ಸಾಯಿಸುತ್ತಿದ್ದದ್ದು ಎರಡನೇ ಒತ್ತು. ಹತ್ತು ಸೆಕೆಂಡಾದರೂ ಪುಟ ತೆರೆಯಲಿಲ್ಲವೆಂದು ಮತ್ತೆ ಒತ್ತುತ್ತಾರೆ, ಮಗನ ಕೈಗೆ ಕೊಟ್ಟು ಒತ್ತಿಸುತ್ತಾರೆ, ಪಕ್ಕದವನ ಫೋನಿನಿಂದ ಒತ್ತುತ್ತಾರೆ. ಒಂದೊಂದು ಒತ್ತಿಗೂ ಹೊಸದಾಗಿ ನಾಲ್ಕು ಸಾವಿರ ಸುತ್ತು ಬೀಸಬೇಕು. ಮೊದಲು ಬೀಸಿದ ಹಿಟ್ಟನ್ನು ಕೊಂಡೊಯ್ಯಲು ಅಷ್ಟರಲ್ಲಿ ಯಾರೂ ಇರುವುದಿಲ್ಲ.

ಹಾಗಾಗಿ ಅವಳು ಟೋಕನ್ ವ್ಯವಸ್ಥೆ ಮಾಡಿದಳು. ಒಮ್ಮೆ ಒತ್ತಿದರೆ ಗುಂಡಿ ಮಾಯ. ಅದರ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ನಿಮ್ಮ ಟೋಕನ್ ಇಷ್ಟು, ಇಷ್ಟು ಸೆಕೆಂಡು ಕಾಯಿರಿ ಎಂದು ಬರುತ್ತದೆ, ಸಂಖ್ಯೆ ಇಳಿಯುತ್ತ ಹೋಗುತ್ತದೆ. ಹದಿನಾರು ಹದಿನಾರು ಜನರಾಗಿ ಒಳಗೆ ಬರುತ್ತಾರೆ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ನಿಂತು ಪಳಗಿದ ಜನ ಇವರು. ಕೈಯಲ್ಲೊಂದು ನಂಬರು ಕೊಟ್ಟರೆ ಕಾಯುತ್ತಾರೆ, ಕೊಡದಿದ್ದರೆ ನುಗ್ಗುತ್ತಾರೆ. ನಾಲ್ಕು ದಿನದಲ್ಲಿ ಅದನ್ನು ಬರೆದು ಮುಗಿಸಿ ಗುರುವಾರ ಮಧ್ಯಾಹ್ನ ಪರೀಕ್ಷೆ ಮಾಡಿದಳು. ಹನ್ನೆರಡು ಹನ್ನೆರಡಾಗಿಯೇ ಉಳಿಯಿತು. ರವೀಂದ್ರರಿಗೂ ತೋರಿಸಿದಳು. ಅವರು ಚೆನ್ನಾಗಿದೆ ಎಂದರು, ಆದರೆ ಅವರ ಮುಖ ಹಾಗೆ ಹೇಳಲಿಲ್ಲ.

ಶುಕ್ರವಾರ ಸಮಿತಿಯ ಏಳೂ ಜನ ಕೆಳಗಿನ ಹಾಲಿನಲ್ಲಿ ಫೋನು ಹಿಡಿದು ಕೂತರು. ನಾಗಶ್ರೀ ಮೇಲಿನ ಕೋಣೆಯಲ್ಲಿ ಪರದೆಯ ಮುಂದೆ ಕೂತಿದ್ದಳು. ಹನ್ನೆರಡಾಯಿತು. ಅವಳು ಎರಡೂವರೆ ನಿಮಿಷದ ಸಂಕಟಕ್ಕೆ ಸಿದ್ಧಳಾಗಿದ್ದಳು. ಸಂಕಟ ಬರಲೇ ಇಲ್ಲ. ಎರಡು ಸಾವಿರದ ನಾನೂರ ಹದಿನೇಳು ಜನ ಕೆಲವೇ ಸೆಕೆಂಡಿನಲ್ಲಿ ಒಳಗಿದ್ದರು. ಕೆಳಗಿನಿಂದ ನಗು, ಮಾತು ಕೇಳಿಸಿತು. ಯಾರೋ ಮೆಟ್ಟಿಲ ಬುಡದಲ್ಲಿ ನಿಂತು “ಭೇಷ್ ಕಣವ್ವ” ಎಂದರು.

ನಾಗಶ್ರೀಗೆ ಖುಷಿಯಾಗಲಿಲ್ಲ. ಅತಿ ದೊಡ್ಡ ಟೋಕನ್ ಎಷ್ಟೆಂದು ನೋಡಿದಳು. ಒಂಬತ್ತು. ಸೆಕೆಂಡಿಗೆ ಹದಿನಾರೇ ಜನ ದಾಟುವ ಬಾಗಿಲಲ್ಲಿ ಒಂಬತ್ತಕ್ಕಿಂತ ಉದ್ದದ ಸಾಲು ನಿಲ್ಲಲೇ ಇಲ್ಲವೆಂದರೆ ಬಾಗಿಲನ್ನೇ ಯಾರೋ ಕಿತ್ತಿರಬೇಕು. ಸಂಖ್ಯೆ ನೋಡಿದಳು. ನಾಲ್ಕು. ಬದಲಾಗಿದ್ದು ಗುರುವಾರ ಸಂಜೆ ಐದೂ ನಲವತ್ತಕ್ಕೆ, ಅವಳು ಬಸ್ ಹಿಡಿಯಲು ಹೋದ ಹತ್ತು ನಿಮಿಷಕ್ಕೆ, ಕಾರ್ಯದರ್ಶಿಯ ಖಾತೆಯಿಂದ. ಅದರ ಬೆನ್ನಿಗೇ, ರಾತ್ರಿಯೊಳಗೆ ಒಮ್ಮೆ ಒಳಗೆ ಬಂದು ನೋಡಿ ಎಂದು ಅದೇ ಖಾತೆಯಿಂದ ಎಲ್ಲರಿಗೂ ಮೆಸೇಜ್ ಹೋಗಿತ್ತು.

ಇನ್ನೂ ಒಂದಿತ್ತು. ಸಂಖ್ಯೆ ಬದಲಾದ ಮೇಲೆ ಒಳಗೆ ಬಂದವರ ಪಾಸ್‌ವರ್ಡನ್ನು ಹೊಸ ಸಂಖ್ಯೆಯಲ್ಲಿ ಮತ್ತೆ ಬೀಸಿ ಇಡುವ ಏರ್ಪಾಡನ್ನು ಅವಳೇ ಮಾಡಿದ್ದಳು. ಮುಂದೆಂದಾದರೂ ಹನ್ನೆರಡನ್ನು ಹದಿಮೂರು ಮಾಡಿದರೆ ಎಲ್ಲರ ಬೀಗವೂ ತಾನಾಗಿ ಗಟ್ಟಿಯಾಗಲಿ ಎಂದು. ಏರಿಸಲೆಂದು ಮಾಡಿದ್ದು ಇಳಿಸುವಾಗಲೂ ಅಷ್ಟೇ ವಿಧೇಯವಾಗಿ ಕೆಲಸ ಮಾಡಿತ್ತು. ಎರಡು ಸಾವಿರದ ನಾನೂರ ಹದಿನೇಳು ಜನರ ಗಟ್ಟಿ ಬೀಗ ಹೋಗಿ ತಡಿಕೆ ಬಂದಿತ್ತು. ಅವಳಪ್ಪನದೂ ಅದರಲ್ಲಿತ್ತು.

ರವೀಂದ್ರ ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣ ಹಿಡಿದು ಮೇಲೆ ಬಂದರು. ಅವಳ ಪರದೆ ನೋಡಿ ಪೊಟ್ಟಣವನ್ನು ಮೇಜಿನ ಮೇಲಿಟ್ಟರು.

“ನಿನ್ ಟೋಕನ್ ಕೈಕೊಟ್ರೆ ಅಂತ ಭಯ ಆಯ್ತು ಕಣಮ್ಮ. ನಿನ್ ಕೆಲಸ ಉಳೀಲಿ ಅಂತ್ಲೇ ಮಾಡಿದೆ. ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ. ಈಗ ಮತ್ತೆ ಹನ್ನೆರಡು ಮಾಡ್ಕ. ಯಾರಿಗೂ ಗೊತ್ತಾಗಲ್ಲ.”

“ನಾನು ಹನ್ನೆರಡು ಮಾಡಿದ್ರೂ ಈಗಿರೋ ಹಿಟ್ಟು ಹಂಗೇ ಇರ್ತದೆ ಸರ್. ಅವರು ಬಂದು ಮತ್ತೆ ಕಾಳು ಕೊಡ್ಬೇಕು.”

“ಮುಂದಿನ ಶುಕ್ರವಾರ ಹೆಂಗೂ ಬರ್ತಾರಲ್ಲ. ಒಂದು ವಾರದ ಮಾತು.”

ಅದು ನಿಜವಾಗಿತ್ತು, ಅದೇ ಕಷ್ಟ. ಒಂದು ವಾರ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ತಾನಾಗಿ ಸರಿಹೋಗುತ್ತಿತ್ತು. ಕೆಲಸ ಉಳಿಯುತ್ತಿತ್ತು, ರವೀಂದ್ರರ ಮಾನ ಉಳಿಯುತ್ತಿತ್ತು, ಹೊಗಳಿಕೆ ಬೇರೆ. ಈಗ ಎಲ್ಲರನ್ನೂ ಹೊರಗೆ ಹಾಕಿ ಮತ್ತೆ ಬನ್ನಿ ಎಂದರೆ ಕಾರಣ ಹೇಳಬೇಕು. ಗೊಲ್ಲಪ್ಪನ ಮುಂದೆ ಹೇಳಬೇಕು. ನಾಗಶ್ರೀ ಕಿಟಕಿಯ ಹತ್ತಿರ ಹೋಗಿ ನಿಂತಳು. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ರಮ್ಯಾಳ ಪಾಸ್‌ವರ್ಡಿದ್ದ ಕಡತ ಹೋಗಿದ್ದೂ ಹೀಗೇ ಒಂದು ವಾರದಲ್ಲಿ, ಹೆಂಗೂ ಸರಿ ಮಾಡುತ್ತೇನಲ್ಲ ಎಂದುಕೊಂಡ ವಾರದಲ್ಲಿ. ಅವಳು ಹಿಂತಿರುಗಿ ಬಂದು ಸಂಖ್ಯೆಯನ್ನು ಹನ್ನೆರಡು ಮಾಡಿದಳು. ಎರಡು ಗಂಟೆಗೆ ಪಟ್ಟಿ ಮುಚ್ಚುವವರೆಗೆ ಕಾದು, ಒಳಗಿದ್ದವರನ್ನೆಲ್ಲ ಲಾಗೌಟ್ ಮಾಡಿ ಕೆಳಗಿಳಿದಳು.

ಹಾಲಿನಲ್ಲಿ ಊಟ ಮುಗಿದಿತ್ತು. ರವೀಂದ್ರ ನಡಾವಳಿ ಪುಸ್ತಕ ತೆರೆದು ಬರೆಯುತ್ತಿದ್ದರು. ಗೊಲ್ಲಪ್ಪ ಹೇಳಿಸುತ್ತಿದ್ದರು, “ಬರ್ಕಳ್ರಿ. ನಾಗಶ್ರೀಯವರು ಸರ್ವರನ್ನ ಚೆನ್ನಾಗಿ ಮಾಡಿದ್ದಕ್ಕೆ ಸಮಿತಿ ಅಭಿನಂದನೆ.”

“ಅದನ್ನ ಬರೀಬೇಡ್ರಿ ಸರ್,” ಎಂದಳು ನಾಗಶ್ರೀ.

ಎಲ್ಲರೂ ತಿರುಗಿದರು. ಅವಳು ಮುಂದುವರಿಸಿದಳು, “ಇವತ್ತು ಬೇಗ ಆಗಿದ್ದು ನನ್ ಟೋಕನ್ನಿಂದ ಅಲ್ಲ. ನಿಮ್ ಪಾಸ್‌ವರ್ಡಿನ ಬೀಗ ತೆಳ್ಳಗಾಗಿತ್ತು, ಅದಕ್ಕೆ. ಈಗ ಮತ್ತೆ ಗಟ್ಟಿ ಮಾಡಿದೀನಿ. ಆದ್ರೆ ಎಲ್ರೂ ಇನ್ನೊಂದ್ಸಲ ಲಾಗಿನ್ ಆಗ್ಬೇಕು, ಇವತ್ತೇ. ನಿಧಾನ ಆಗ್ತದೆ. ಈಗ ಎಲ್ರಿಗೂ ಮೆಸೇಜ್ ಹೋಗ್ತದೆ. ಬರ್ದೇ ಇದ್ದೋರಿಗೆ ಸಂಜೆ ತಂಕ ನಾನೇ ಫೋನ್ ಮಾಡ್ತೀನಿ.”

ಗೊಲ್ಲಪ್ಪ ಹುಬ್ಬು ಗಂಟಿಕ್ಕಿದರು. “ತೆಳ್ಳಗೆ ಮಾಡಿದ್ಯಾರು?”

“ಸರ್ವರು ನನ್ ಕೈಯಾಗೆ ಇರೋದು ಗೊಲ್ಲಪ್ಪಣ್ಣ. ನಂದೇ ಜವಾಬ್ದಾರಿ.”

“ನಾನು ಕೇಳಿದ್ದು ಅದಲ್ಲ.”

ರವೀಂದ್ರ ಬರೆದಿದ್ದ ಸಾಲನ್ನು ಹೊಡೆದು ಹಾಕಿದರು. ಪೆನ್ನು ಮುಚ್ಚಿದರು, ಮತ್ತೆ ತೆರೆದರು. “ನಾನು ಮಾಡಿದ್ದು,” ಎಂದರು. “ನಿನ್ನೆ ಸಂಜೆ. ಆಯಮ್ಮ ಬೇಡ ಅಂದಿದ್ಲು.” ಆಮೇಲೆ ತಲೆ ತಗ್ಗಿಸಿ ಅದನ್ನೇ ಪುಸ್ತಕದಲ್ಲಿ ಬರೆದುಕೊಂಡರು.

ನಾಗಶ್ರೀ ಮೆಸೇಜ್ ಕಳಿಸಿದಳು. ಹಾಲಿನಲ್ಲಿ ಫೋನುಗಳು ಒಂದಾದ ಮೇಲೊಂದು ಸದ್ದು ಮಾಡಿದವು. ಏಳೂ ಜನ ಒತ್ತಿದರು. ಊರೂರುಗಳಲ್ಲೂ ಒತ್ತುತ್ತಿದ್ದರೆಂದು ಕಾಣುತ್ತದೆ, ಗೊಲ್ಲಪ್ಪನ ಟೋಕನ್ ಎಂಟುನೂರ ಹನ್ನೆರಡು ಬಂತು. ಅವರು ಎರಡನೇ ಸಲ ಒತ್ತಲು ಬೆರಳು ಎತ್ತಿದರು. ಗುಂಡಿ ಇರಲಿಲ್ಲ. ಬೆರಳು ಮಡಚಿಕೊಂಡು ಸಂಖ್ಯೆ ಇಳಿಯುವುದನ್ನು ನೋಡುತ್ತ ಕೂತರು. ಸರ್ವರು ಬೀಳಲಿಲ್ಲ, ಓಡಲೂ ಇಲ್ಲ. ಏಳುನೂರು ಆಯಿತು, ಆರುನೂರು ಆಯಿತು.

“ಈ ಕಾಯೋದು ಕಳ್ಳನಿಗೂ ಐತಾ?” ಎಂದು ಅವರು ಕೇಳಿದರು.

“ಐತೆ. ನಿಮಗೆ ವಾರಕ್ಕೊಂದ್ಸಲ ಬೀಸಿದ್ರೆ ಸಾಕು. ಅವನು ಒಂದೊಂದು ಊಹೆಗೂ ಬೀಸ್ಬೇಕು. ಕೋಟಿ ಊಹೆ ಮಾಡಿದ್ರೆ ಕೋಟಿ ಸಲ.”

ಗೊಲ್ಲಪ್ಪ ಮತ್ತೆ ಫೋನಿನತ್ತ ನೋಡಿದರು. ಸಂಖ್ಯೆ ಮುನ್ನೂರಕ್ಕೆ ಇಳಿದಿತ್ತು.

“ಹಂಗಾದ್ರೆ ಇನ್ನೊಂಚೂರು ನಿಧಾನ ಮಾಡು.”

“ಮಾಡಿದ್ರೆ ನೀವೇ ನನ್ನ ಕೆಲಸದಿಂದ ತೆಗೀತೀರಿ.”

“ತೆಗೆಯೋರೇ ಇದ್ವಿ,” ಎಂದರು ಗೊಲ್ಲಪ್ಪ, ಪರದೆಯಿಂದ ಕಣ್ಣು ಕೀಳದೆ.